ಕರೆಂಟಮ್ಮನಿಗೆ ನೀರು ಹಾಕಿದ ಬೇಸಿಗೆ

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ ಇಬ್ಬರು ಆಳುಗಳು ಗುಂಡಿ ತೋಡುತ್ತಿದ್ದರು. ಲಿಫ್ಟಿಗೆ ಹೊಸದಾಗಿ ಅರ್ತಿಂಗ್ ಮಾಡಿಸಬೇಕಂತೆ. ಗುಂಡಿಯ ನಡುವೆ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿ, ಮೇಲಿಂದ ನೀರು ಸುರಿದರು. ಒದ್ದೆ ಇದ್ದಿಲಿನ ವಾಸನೆ ಮೂಗಿಗೆ ಬಂದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಸೆಕ್ರೆಟರಿ ಬಂದು, "ಯಾಕ್ ಮೇಡಂ, ಏನಾದ್ರೂ ಪ್ರಾಬ್ಲಮ್ಮಾ?" ಎಂದರು. "ಆ ಪೈಪಿಂದ ಹೊರಟ ತಂತಿ ಎಲ್ಲಿಗೆ ಹೋಗುತ್ತೆ, ಸ್ವಲ್ಪ ತೋರಿಸ್ರಿ" ಎಂದೆ. ಅವರು ನಕ್ಕರು. ನಾನು ತಂತಿಯ ಜೊತೆಯಲ್ಲೇ ಗೋಡೆ ಹಿಡಿದು ನಡೆದು, ಬೋರ್ಡಿನ ಬಾಗಿಲು ತೆಗೆಸಿ, ಅದರ ತುದಿ ಕಣ್ಣಾರೆ ನೋಡಿದ ಮೇಲೆಯೇ ಮನೆಗೆ ಬಂದೆ. ಇವರಿಗೆ ಅರಳುಮರಳು ಶುರುವಾಯಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಮಾಕಳಿಯ ಆ ಬೇಸಿಗೆ ಅವರಿಗೆ ಗೊತ್ತಿಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ಮದುವೆಯಾಗಿ ಚಿತ್ರದುರ್ಗದ ಕಡೆಯಿಂದ ಬಂದು ತುಮಕೂರು ರಸ್ತೆಯ ಮಾಕಳಿಯಲ್ಲಿ ಸಂಸಾರ ಹೂಡಿದ್ದೆವು. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷೀನಿನ ಕೆಲಸಕ್ಕಿದ್ದರು. ನಮ್ಮದು ವಠಾರದ ಮನೆ. ಒಂದೇ ಸೂರಿನ ಕೆಳಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಬಾಗಿಲು, ಮುಂದೆ ಉದ್ದಕ್ಕೆ ಒಂದೇ ಜಗಲಿ. ಎಲ್ಲವೂ ಗಂಗಕ್ಕನದು. ಗಂಗಕ್ಕ ಆ ಊರಿನವರೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸ್ವಲ್ಪ ಕಾರ್ಖಾನೆಗೆ ಹೋಯಿತು, ಸ್ವಲ್ಪದರಲ್ಲಿ ವಠಾರ ಎದ್ದಿತು, ಉಳಿದದ್ದರಲ್ಲಿ ಅವರು ಇನ್ನೂ ಅವರೆ, ಅಲಸಂದೆ ಹಾಕುತ್ತಿದ್ದರು. ಅವರ ಮಗ ಪಕ್ಕದ ಕಾರ್ಖಾನೆಗೆ ಆಳು ಒದಗಿಸುವ ಕಂಟ್ರಾಕ್ಟು ಹಿಡಿದಿದ್ದ. ವಠಾರದ ಅರ್ಧ ಗಂಡಸರು ಅವನ ಕೈಕೆಳಗೇ ದುಡಿಯುತ್ತಿದ್ದರು.

ಗಂಗಕ್ಕನನ್ನು ನಾನು ಅವ್ವ ಎನ್ನುತ್ತಿದ್ದೆ. ಓನರಮ್ಮ ಎಂಬ ಭಯಕ್ಕಲ್ಲ. ನನ್ನ ಹೆತ್ತವ್ವ ನಾನು ಶಾಲೆಯಲ್ಲಿರುವಾಗಲೇ ತೀರಿಹೋಗಿದ್ದಳು. ಜಾಲಹಳ್ಳಿಯಲ್ಲಿ ಅಣ್ಣನೊಬ್ಬ ಇದ್ದ, ಆದರೆ ಚೊಚ್ಚಲ ಬಾಣಂತನಕ್ಕೆ ತೌರಿನಿಂದ ಬರಲು ಹೆಂಗಸರು ಯಾರೂ ಇರಲಿಲ್ಲ. ಆಗ ನನಗೆ ಎಣ್ಣೆ ತಿಕ್ಕಿ ನೀರೆರೆದದ್ದು, ಮಗಳಿಗೆ ಸಾಂಬ್ರಾಣಿ ಹೊಗೆ ಹಿಡಿದದ್ದು, ಮೆಣಸಿನ ಸಾರು ಕುಡಿಸಿದ್ದು ಗಂಗಕ್ಕ. "ಲೇ ದುರ್ಗದೋಳೆ, ತಲೆಗೆ ಬಟ್ಟೆ ಕಟ್ಕೊಳ್ಳೇ, ಸೀತ ಆಯ್ತದೆ" ಎಂದು ಬೈದು ತಾನೇ ಕಟ್ಟುತ್ತಿದ್ದರು. ಅಂಥವರನ್ನು ಅವ್ವ ಅನ್ನದೆ ಇನ್ನೇನು ಅನ್ನಲಿ?

ಶಿವರಾತ್ರಿಗೆ ಮುಂಚೆ ಒಂದು ದಿನ ಕರೆಂಟ್ ಆಫೀಸಿನ ಜೀಪು ಬಂತು. ಇಬ್ಬರು ಇಳಿದು, ಮೈದಾ ಅಂಟು ಬಳಿದು, ವಠಾರದ ತುದಿಯ ಗೋಡೆಗೆ ಒಂದು ದೊಡ್ಡ ಪೋಸ್ಟರು ಅಂಟಿಸಿ ಹೋದರು. ಆ ಕಾಲಕ್ಕೆ ಸುತ್ತಲ ಹಳ್ಳಿಗಳಲ್ಲಿ ಹೊಸ ಹೊಸ ವಠಾರಗಳು ಏಳುತ್ತಿದ್ದವು. ಸೀಮೆಎಣ್ಣೆ ದೀಪದಲ್ಲಿ ಬೆಳೆದವರೆಲ್ಲ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲು, ಮಿಕ್ಸಿ ಎಂದು ಒಂದೊಂದೇ ತರುತ್ತಿದ್ದರು. ಪೋಸ್ಟರಿನ ತುಂಬ ಚೌಕ ಚೌಕವಾಗಿ ಚಿತ್ರಗಳು. ಕಂಬದ ತಂತಿಗೆ ಸಿಕ್ಕಿದ ಗಾಳಿಪಟ, ಸರ್ವೀಸ್ ವೈರಿಗೆ ಬಟ್ಟೆ ಒಣಹಾಕಿದ ಗಂಡಸು, ಶಾಕ್ ಹೊಡೆಸಿಕೊಂಡವನನ್ನು ಒಣ ಮರದ ಕೋಲಿನಿಂದ ಬಿಡಿಸುತ್ತಿರುವ ಹೆಂಗಸು. ಎಲ್ಲಕ್ಕಿಂತ ದೊಡ್ಡದಾಗಿ, ಒದ್ದೆ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿ ಬಾಯಿ ತೆರೆದು ನಿಂತ ಹೆಣ್ಣು, ಅವಳ ಸುತ್ತ ಹಳದಿ ಮಿಂಚಿನ ಗೆರೆಗಳು.

ವಠಾರದಲ್ಲಿ ಓದು ಬರುವ ಹೆಂಗಸರು ಕಡಿಮೆ. ನಾನು ಪಿಯುಸಿ ಮುಗಿಸಿದ್ದರಿಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಮುಂದೆ ಕೂತರು, ನಾನು ಕಡ್ಡಿ ಹಿಡಿದು ಒಂದೊಂದು ಚಿತ್ರ ತೋರಿಸಿ ಓದಿದೆ. ಪಕ್ಕದ ಕೋಣೆಯ ಮಂಜುಳ ಎಲ್ಲದಕ್ಕೂ ಒಂದು ಮಾತು ಸೇರಿಸುತ್ತಿದ್ದಳು. ಮಾಗಡಿ ಕಡೆಯ ಹುಡುಗಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಮನೆಯ ಸಾರು ನನ್ನ ಮನೆಗೆ, ನನ್ನ ಮನೆಯ ರೊಟ್ಟಿ ಅವಳ ಮನೆಗೆ ದಿನಾ ಹೋಗಿಬರುತ್ತಿದ್ದವು. "ನೋಡು ಸಾರದಕ್ಕ, ಇಸ್ತ್ರಿ ಮಾಡಕ್ಕೆ ರೇಷ್ಮೆ ಸೀರೆ ಉಟ್ಕೊಂಡು, ತಲೆ ತುಂಬ ಹೂ ಮುಡ್ಕೊಂಡವ್ಳೆ. ಸಾಕ್ ಹೊಡೀದೆ ಇನ್ನೇನ್ ಮಾಡ್ತದೆ" ಎಂದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯ ಚಿತ್ರದಲ್ಲಿ ಮಾತ್ರ ಯಾರೂ ನಗಲಿಲ್ಲ. ನೆಲದಲ್ಲಿ ಹೂತ ಒಂದು ಪೈಪು, ಅದಕ್ಕೆ ಒಬ್ಬಾಕೆ ಬಿಂದಿಗೆಯಿಂದ ನೀರು ಹಾಕುತ್ತಿದ್ದಾಳೆ. ಮನೆಯಲ್ಲಿ ಕರೆಂಟು ಎಲ್ಲಾದರೂ ಸೋರಿದರೆ ಅದು ನಮ್ಮ ಮೈ ಬಿಟ್ಟು ಈ ಪೈಪಿನ ದಾರಿಯಲ್ಲಿ ಭೂಮಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ ನೆಲ ಒಣಗದಂತೆ ನೀರು ಹಾಕುತ್ತಿರಬೇಕು ಎಂದು ಬರೆದಿತ್ತು. "ನಮಗೆಲ್ಲೈತೆ ಅಂಥಾ ಪೈಪು?" ಎಂದು ಯಾರೋ ಕೇಳಿದರು. ಇರಲಿಲ್ಲ. ಆ ಸಂಜೆಯೇ ನಾನು ಗಂಗಕ್ಕನ ಮನೆಗೆ ಹೋಗಿ, "ಅವ್ವಾ, ನಮ್ಮ ಸಾಲಿಗೂ ಒಂದು ಪೈಪು ಹಾಕಿಸಿಕೊಡ್ರಿ. ಮಕ್ಕಳು ಮರಿ ಇರೋ ಮನೆಗಳು" ಎಂದು ಕೇಳಿಕೊಂಡೆ. ಗಂಗಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ನೀನು ಬಾಯ್ಬುಟ್ಟು ಕೇಳಿದ್ಮೇಲೆ ಇಲ್ಲ ಅನ್ನಕ್ಕಾಯ್ತದೇನೇ? ಆಕುಸ್ತೀನಿ ಓಗು" ಎಂದರು. ನಾನು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ತಿಳಿಯದು.

ಶಿವರಾತ್ರಿ ಕಳೆದ ಮೇಲೆ ಗಾರೆಯವರು ಬಂದು ವಠಾರದ ತುದಿಯಲ್ಲಿ ಗುಂಡಿ ತೋಡಿದರು. ಗಂಗಕ್ಕನ ಹಳೆಯ ಬೋರಿನಲ್ಲಿ ಮಿಕ್ಕ ಪೈಪಿನ ತುಂಡನ್ನು ನಿಲ್ಲಿಸಿದರು. ಇದ್ದಿಲನ್ನು ನಾವೇ ಒಲೆಗಳಿಂದ ಆರಿಸಿ, ಮೊರದಲ್ಲಿ ತಂದು ಸುರಿದೆವು. ಉಪ್ಪನ್ನು ಗಂಗಕ್ಕ ತಮ್ಮ ಮನೆಯಿಂದ ಕೊಟ್ಟರು. ಪೈಪಿನ ತಲೆಯಿಂದ ಹೊರಟ ಹಸಿರು ತಂತಿಯೊಂದು ಗೋಡೆಯ ಗಾರೆಯೊಳಗೆ ಹೋಗಿ ಮರೆಯಾಯಿತು. ಮಂಜುಳ ಪೈಪಿಗೆ ಅರಿಶಿನ ಕುಂಕುಮ ಇಟ್ಟಳು. ಪ್ಲೇಗು ಬಂದ ಕಾಲಕ್ಕೆ ಪ್ಲೇಗಮ್ಮನನ್ನು ಕೂರಿಸಿದ ಜನ ನಾವು. ಒಂದು ವಾರ ಕಳೆಯುವುದರೊಳಗೆ ಅದಕ್ಕೆ ಕರೆಂಟಮ್ಮ ಎಂಬ ಹೆಸರು ಬಿತ್ತು.

ಆ ವರ್ಷ ಬೇಸಿಗೆ ಕೆಟ್ಟದಾಗಿ ಬಂತು. ಯುಗಾದಿ ಹೊತ್ತಿಗೇ ಕೈಪಂಪು ಕೆಮ್ಮತೊಡಗಿತು. ಹತ್ತು ಸಲ ಒತ್ತಿದರೆ ಒಂದು ಚೊಂಬು ಕೆಂಪು ನೀರು. ಟ್ಯಾಂಕರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊಡಗಳನ್ನು ಸಾಲಿಗಿಟ್ಟು ಹೆಂಗಸರು ಜುಟ್ಟು ಜುಟ್ಟು ಹಿಡಿದದ್ದೂ ಉಂಟು. ಬಟ್ಟೆ ಒಗೆದ ನೀರಿನಲ್ಲಿ ಬಚ್ಚಲು ತೊಳೆಯುತ್ತಿದ್ದೆವು. ಮಕ್ಕಳಿಗೆ ದಿನ ಬಿಟ್ಟು ದಿನ ಸ್ನಾನ. ಆದರೆ ಕರೆಂಟಮ್ಮನ ಬಿಂದಿಗೆ ಮಾತ್ರ ತಪ್ಪಲಿಲ್ಲ. ಸರದಿ ಮಾಡಿಕೊಂಡಿದ್ದೆವು. ದಿನಕ್ಕೊಂದು ಮನೆಯವರು ಬೆಳಿಗ್ಗೆ ಒಂದು ಬಿಂದಿಗೆ ನೀರು ಆ ಗುಂಡಿಗೆ ಸುರಿಯಬೇಕು. ತಮಗೆ ಕುಡಿಯಲು ಇಲ್ಲದ ದಿನವೂ ಸುರಿದರು. "ಏನ್ರೇ, ಕರೆಂಟಮ್ಮಂಗೆ ನೀರ್ ಆಕುದ್ರಾ?" ಎಂದು ಗಂಗಕ್ಕ ಹೊಲಕ್ಕೆ ಹೋಗುವಾಗ ವಿಚಾರಿಸುತ್ತಿದ್ದರು. ನಗುತ್ತಾ ವಿಚಾರಿಸುತ್ತಿದ್ದರು. ಇವತ್ತಿಗೂ ಆ ನಗು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಒಂದು ವಿಷಯ ನಮಗೆ ಬೇಜಾರು ತರುತ್ತಿತ್ತು. ಗಂಗಕ್ಕ ತಮ್ಮ ಮೊಮ್ಮಕ್ಕಳನ್ನು ವಠಾರದ ಕೋಣೆಗಳೊಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಜಗಲಿಯ ಮೇಲೆ ಆಡಲಿ, ಅಂಗಳದಲ್ಲಿ ಆಡಲಿ, ಹೊಸಿಲು ದಾಟಿದರೆ ಸಾಕು, ಓಡಿಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಬಾಡಿಗೆಯವರ ಮನೆ ಅಂತ ಮಡಿವಂತಿಕೆ, ದೊಡ್ಡಸ್ತಿಕೆ ಎಂದು ಕೆಲವರು ಆಡಿಕೊಂಡರು. ನಾನು ಗಂಗಕ್ಕನ ಪರ ವಾದ ಮಾಡಿದೆ.

ಮಳೆ ಇನ್ನೇನು ಬರಬೇಕು ಎನ್ನುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಮಂಜುಳ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಅವಳ ಬಾಗಿಲಲ್ಲೇ ಮಣೆಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಹಿಂದಿನ ದಿನದಿಂದ ಟ್ಯಾಂಕರು ಬಂದಿರಲಿಲ್ಲ. ವಠಾರದಲ್ಲಿ ಉಳಿದಿದ್ದ ಕೊನೆಯ ಬಿಂದಿಗೆಯನ್ನು ಬೆಳಿಗ್ಗೆ ಕರೆಂಟಮ್ಮನಿಗೆ ಸುರಿದಾಗಿತ್ತು. ಪಾತ್ರೆಗಳು ಮುಸುರೆಯಾಗಿಯೇ ಬಿದ್ದಿದ್ದವು. ಮಾತಾಡುತ್ತಿದ್ದ ಮಂಜುಳ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ತಲೆಯೆತ್ತಿ ನೋಡಿದರೆ ಕಣ್ಣು ಮೇಲೆ ಹೋಗಿದೆ, ಕೈ ಪೆಟ್ಟಿಗೆಯನ್ನು ಬಿಡುತ್ತಿಲ್ಲ, ಮೈ ಗಡಗಡ ನಡುಗುತ್ತಿದೆ. ಮುಟ್ಟಬಾರದು ಎಂದು ನಾನೇ ಓದಿ ಹೇಳಿದ್ದು ತಲೆಯಲ್ಲಿತ್ತು. ಕೂತಿದ್ದ ಮಣೆಯನ್ನೇ ಎತ್ತಿ ಅವಳ ಕೈ ಮೇಲೆ ಬಲವಾಗಿ ಹೊಡೆದೆ. ಎರಡನೆಯ ಏಟಿಗೆ ಪೆಟ್ಟಿಗೆ ಹಾರಿಬಿತ್ತು, ಅವಳೂ ಬಿದ್ದಳು. ಅಷ್ಟರ ಮಟ್ಟಿಗೆ ಆ ಪೋಸ್ಟರು ಸತ್ಯ ಹೇಳಿತ್ತು, ಇಲ್ಲದಿದ್ದರೆ ಇಬ್ಬರ ಹೆಣವೂ ಅಲ್ಲೇ ಬೀಳುತ್ತಿತ್ತು.

ಜೀವ ಉಳಿಯಿತು. ಬಲಗೈಯ ಅಂಗೈ ಸುಟ್ಟು, ಎರಡು ಬೆರಳು ಮಡಿಚಿಕೊಂಡಂತೆಯೇ ಉಳಿದವು. ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಗಂಡ ಒಂದೇ ಪ್ರಶ್ನೆ ಕೇಳಿದರು. "ಅರ್ತ್ ಇದ್ದ ಮೇಲೆ ಫ್ಯೂಸ್ ಯಾಕೆ ಹೋಗಲಿಲ್ಲ?" ನನಗೇನು ಗೊತ್ತು? ಅವರು ಎದ್ದು ವಠಾರದ ತುದಿಗೆ ಹೋದರು, ನಾನೂ ಹಿಂದೆ ಹೋದೆ. ಗೋಡೆಯೊಳಗೆ ಹೋಗಿದ್ದ ಹಸಿರು ತಂತಿಯನ್ನು ಹಿಡಿದು ಮೆಲ್ಲಗೆ ಜಗ್ಗಿದರು. ಕೊತ್ತಂಬರಿ ಗಿಡ ಕಿತ್ತಂತೆ ಅದು ಸಲೀಸಾಗಿ ಕೈಗೆ ಬಂತು. ಗಾರೆಯ ಒಳಗೆ ಇದ್ದದ್ದು ಒಂದು ಗೇಣು ತಂತಿ. ಅದರ ತುದಿ ಯಾವುದಕ್ಕೂ ಸೇರಿರಲಿಲ್ಲ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಇಡೀ ಬೇಸಿಗೆ ನಾವು ನೀರು ಹಾಕಿದ್ದು ನೆಲದಲ್ಲಿ ನಿಲ್ಲಿಸಿದ ಒಂದು ತುಂಡು ಕಬ್ಬಿಣಕ್ಕೆ. ಮೊಮ್ಮಕ್ಕಳನ್ನು ಗಂಗಕ್ಕ ನಮ್ಮ ಹೊಸಿಲಿನಿಂದ ಯಾಕೆ ಎಳೆದೊಯ್ಯುತ್ತಿದ್ದರು ಎಂಬುದೂ ಆಗಲೇ ಹೊಳೆಯಿತು. ಮಡಿಯಲ್ಲ, ಮೈಲಿಗೆಯಲ್ಲ. ಅವರಿಗೆ ಗೊತ್ತಿತ್ತು. ತಮ್ಮ ಮೊಮ್ಮಕ್ಕಳನ್ನು ಉಳಿಸಿಕೊಳ್ಳುವಷ್ಟು ಚೆನ್ನಾಗಿ ಗೊತ್ತಿತ್ತು.

ತಂತಿಯನ್ನು ಪೈಪಿನಿಂದ ಬಿಚ್ಚಿ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಗಂಗಕ್ಕ ಅದನ್ನು ನೋಡಿದರು, ಗಾಬರಿಯಾಗಲಿಲ್ಲ. "ಎಲ್ಲಾರೂ ಇಂಗೇ ಮಾಡಾದು ಕಣಮ್ಮೀ" ಎಂದರು. "ಎಲ್ಲಾ ಮನೆ ಗೋಡೆ ಒಡ್ದು ವೈರ್ ಎಳೀಬೇಕು ಅಂದ್ರು. ಗಾರೆ ಮಾಡ್ಸಿ ವರ್ಸ ಆಗಿಲ್ಲ. ಆಮ್ಯಾಕೆ ನೋಡುವ ಅಂತ ಬುಟ್ಟೆ."

"ನಾವು ದಿನಾ ನೀರು ಹಾಕ್ತಿದ್ವಲ್ಲ ಅವ್ವಾ. ಕುಡಿಯೋ ನೀರು. ಬೇಡ ಅಂತ ಒಂದು ಮಾತು ಹೇಳಬಾರದಾಗಿತ್ತಾ?"

ಗಂಗಕ್ಕ ನನ್ನ ಮುಖವನ್ನೇ ನೋಡಿದರು. "ನೀವು ಅಷ್ಟು ಭಕ್ತೀಲಿ ಆಕ್ತಿದ್ರಿ. ಬ್ಯಾಡ ಅನ್ನಕ್ಕೆ ಮನ್ಸು ಬರ್ನಿಲ್ಲ ಕಣೇ" ಎಂದರು. ದೇವರಾಣೆಗೂ ಹೀಗೇ ಅಂದರು. ದನಿಯಲ್ಲಿ ಅಕ್ಕರೆಯೂ ಇತ್ತು. ಬಾಣಂತಿಯಾಗಿದ್ದ ನನ್ನ ತಲೆಗೆ ಬಟ್ಟೆ ಕಟ್ಟಿದ ಅದೇ ಅಕ್ಕರೆ.

ನಾನು ಮಾರನೆಯ ದಿನವೇ ಕರೆಂಟ್ ಆಫೀಸಿಗೆ ಹೋಗಿ ಹೇಳಿ ಬಂದೆ. ನನಗೆ ಬೇಕಾಗಿದ್ದದ್ದು ಒಂದೇ. ಯಾರಾದರೂ ಬಂದು ನೋಡಿ, ಗಂಗಕ್ಕನಿಗೆ ಹೇಳಿ, ಆ ಕೋಣೆಗಳಿಗೆಲ್ಲ ನಿಜವಾದ ಅರ್ತಿಂಗ್ ಮಾಡಿಸಬೇಕು. ನನ್ನ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳು, ಸಿಕ್ಕಿದ್ದೆಲ್ಲ ಮುಟ್ಟುತ್ತಿದ್ದಳು. ಪಕ್ಕದ ಮನೆಗಳಲ್ಲೂ ಅಂಥವೇ ಮಕ್ಕಳು. ಮಂಜುಳ ಹಾಸಿಗೆಯಲ್ಲಿ ಮಲಗಿಕೊಂಡು, "ಬುಡಬ್ಯಾಡ ಕಣಕ್ಕ, ನಡ್ದಿದ್ದ ನಾನೂ ಏಳ್ತೀನಿ" ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಸಾಹೇಬರು ಬರುವಷ್ಟರಲ್ಲಿ ಗೋಡೆಯಲ್ಲಿ ಮತ್ತೆ ಹಸಿರು ತಂತಿ ಬಂದಿತ್ತು, ಸುತ್ತ ಹೊಸ ಗಾರೆ ಬಳಿದಿತ್ತು. ವಠಾರದವರೆಲ್ಲ ಜಗಲಿಯಲ್ಲಿ ಸೇರಿದರು. ಗಂಗಕ್ಕ ಸಾಹೇಬರಿಗೆ ಮಜ್ಜಿಗೆ ತಂದುಕೊಟ್ಟರು, ಅವರ ಮಗ ಬೈಕಿಗೆ ಒರಗಿ ನಿಂತಿದ್ದ. ನಾನು ಹಸಿ ಗಾರೆ ತೋರಿಸಿದೆ. "ಇಲಿ ಬಿಲ ಮಾಡಿತ್ತು ಸಾರ್, ಮುಚ್ಚಿಸ್ದೆ" ಎಂದರು ಗಂಗಕ್ಕ. "ಒಳಗೆ ಬೋರ್ಡ್ ಬಿಚ್ಚಿ ನೋಡ್ರಿ ಸಾರ್, ತಂತಿ ಅಲ್ಲಿಗೆ ಬಂದಿಲ್ಲ" ಎಂದೆ. ಸಾಹೇಬರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಆಯ್ತಮ್ಮ, ನೋಡೋಣ. ಮೊದ್ಲು ಪೆಟ್ಟಾದವರು ಹೇಳ್ಲಿ" ಎಂದು ಮಂಜುಳಳ ಕಡೆ ತಿರುಗಿದರು. "ಏನಮ್ಮ, ಮುಟ್ಟಿದಾಗ ಕೈ ಒದ್ದೆ ಇತ್ತಾ?"

ಅವತ್ತು ವಠಾರದಲ್ಲಿ ಹನಿ ನೀರಿರಲಿಲ್ಲ ಎಂಬುದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ನಿಶ್ಚಿಂತೆಯಿಂದ ಮಂಜುಳಳನ್ನು ನೋಡಿದೆ. ಅವಳು ತಲೆ ತಗ್ಗಿಸಿದಳು.

"ಇತ್ತು ಸಾರ್. ಪಾತ್ರೆ ತೊಳೀತಿದ್ದೆ. ಅಂಗೇ ಬಂದು ಮುಟ್ಬುಟ್ಟೆ." ಅಲ್ಲಿಗೇ ನಿಲ್ಲಿಸಿದ್ದರೂ ನಾನು ಸಹಿಸುತ್ತಿದ್ದೆನೋ ಏನೋ. ಅವಳು ನಿಲ್ಲಿಸಲಿಲ್ಲ. "ಸಾರದಕ್ಕ ಅಲ್ಲೇ ಇದ್ರು ಸಾರ್. ಒದ್ದೆ ಕೈಲಿ ಮುಟ್ಬ್ಯಾಡ ಅಂತ ಅಂದ್ರು. ನಾನೇ ಕೇಳ್ನಿಲ್ಲ."

ಸಾಹೇಬರು ನನ್ನ ಕಡೆ ತಿರುಗಿ, "ನೀವೇ ಹೇಳಿದ್ರಂತಲ್ಲಮ್ಮ?" ಎಂದರು. ನಾನಿನ್ನೂ ಮಂಜುಳಳನ್ನೇ ನೋಡುತ್ತಿದ್ದೆ. ಗಂಗಕ್ಕ ತುದಿಯ ಗೋಡೆಯತ್ತ ಕೈ ತೋರಿಸಿ, "ಅಷ್ಟು ದೊಡ್ಡದಾಗಿ ಚಿತ್ರ ಬರ್ದು ಅಂಟ್ಸವ್ರೆ ಸಾರ್. ಈ ಯಮ್ಮ ಓದಿ ಬ್ಯಾರೆ ಯೋಳವ್ಳೆ. ಇನ್ನೂ ಕೇಳ್ದಿದ್ರೆ ನಾವೇನ್ ಮಾಡವ?" ಎಂದರು. ಸಾಹೇಬರು ಪೋಸ್ಟರಿನ ಹೆಣ್ಣನ್ನು ನೋಡಿದರು, ಮಂಜುಳಳ ಕಟ್ಟು ಹಾಕಿದ ಕೈ ನೋಡಿದರು, ತಲೆಯಾಡಿಸಿದರು. ಬೋರ್ಡನ್ನು ಯಾರೂ ಬಿಚ್ಚಲಿಲ್ಲ.

ಜೀಪು ಹೋದ ಮೇಲೆ ಮಂಜುಳಳನ್ನು ಕೇಳಿದೆ. ಕೂಗಾಡಿದೆ ಎಂದರೂ ಸರಿ. ಅವಳು ಅಳಲಿಲ್ಲ. "ನಿಮ್ಗೇನಕ್ಕ, ಜಾಲಳ್ಳೀಲಿ ನಿಮ್ಮಣ್ಣ ಅವ್ರೆ. ಭಾವಂದು ಪೀಣ್ಯದಾಗೆ ಕೆಲ್ಸ. ನಮ್ಮೆಜಮಾನ್ರಿಗೆ ಕೆಲ್ಸ ಕೊಟ್ಟಿರಾದು ಅವರ ಮಗಾನೇ. ಮನೆ ಬುಟ್ಟು ಕೆಲ್ಸ ಬುಟ್ಟು ನಾವೆಲ್ಲಿಗ್ ಓಗವ?" ಎಂದಳು. ಅದೆಲ್ಲ ನಿಜವೇ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. "ಆದರೆ ನನ್ನ ಹೆಸರು ಯಾಕೆ ಎಳೆದೆ?" ಎಂದು ಕೇಳಿದೆ. "ನೀವು ಏಳಿದ್ರೆ ಎಲ್ಲಾರೂ ನಂಬ್ತಾರೆ, ಅದ್ಕೆ" ಎಂದಳು. ಗಂಗಕ್ಕನದು ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಅದಕ್ಕೆ ನನಗೆ ಸಿಟ್ಟು ಬಂತು. ಮಂಜುಳ ಮಾಡಿದ್ದಕ್ಕೆ ಸಿಟ್ಟಲ್ಲ, ಮೂಳೆಯೊಳಗೆ ನೋವಾಯಿತು. ಇವತ್ತಿನವರೆಗೂ ನಾನು ಅವಳನ್ನು ಕ್ಷಮಿಸಿಲ್ಲ.

ನಾವು ಮನೆ ಬಿಡುವುದೆಂದು ತೀರ್ಮಾನಿಸಿದೆವು. ಸಾಮಾನು ಕಟ್ಟುತ್ತಿದ್ದ ವಾರದಲ್ಲೇ ಆಫೀಸಿನವರು ಮತ್ತೆ ಬಂದು, ಮಾಸಿದ್ದ ಹಳೆಯದರ ಮೇಲೆ ಅದೇ ಪೋಸ್ಟರಿನ ಹೊಸ ಪ್ರತಿ ಅಂಟಿಸಿ ಹೋದರು. ಸಂಜೆ ಗಂಗಕ್ಕ ಹೆಂಗಸರನ್ನೆಲ್ಲ ಕರೆದು ಕೂರಿಸಿ, ನನ್ನ ಬಾಗಿಲಿಗೆ ಬಂದರು. "ಓಗಕ್ ಮುಂಚೆ ಇನ್ನೊಂದ್ಸಲ ಓದ್ಬುಡವ್ವ. ನಿನ್ ಬಾಯಲ್ಲಿ ಕೇಳಿದ್ರೆ ಅವಕ್ಕೆ ತಲೇಗ್ ಓಯ್ತದೆ" ಎಂದರು. ಏನೂ ನಡೆದೇ ಇಲ್ಲವೆಂಬಂತೆ ಕರೆದರು.

ಹೋದೆ. ಮಂಜುಳ ಎಲ್ಲರಿಗಿಂತ ಮುಂದೆ ಕೂತಿದ್ದಳು, ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ನಾನು ಯಾವ ಚಿತ್ರವನ್ನೂ ಓದಲಿಲ್ಲ. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಮೊದಲ ಸಲ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಗಟ್ಟಿಯಾಗಿ ಓದಿದೆ. "ಭೂಸಂಪರ್ಕ ಸರಿಯಾಗಿದೆಯೇ ಎಂದು ಪರೀಕ್ಷಿಸಿ ಒದಗಿಸುವುದು ಮನೆಯ ಮಾಲೀಕರ ಹೊಣೆ." ಮತ್ತೊಮ್ಮೆ ಓದಿದೆ. ಮಾಲೀಕರು ಅಂದರೆ ಗಂಗಕ್ಕ ಎಂದು ಹೆಸರು ಹಿಡಿದೇ ಹೇಳಿದೆ. ಆ ಪೈಪಿಗೆ ತಂತಿ ಇಲ್ಲ, ಅದಕ್ಕೆ ನೀರು ಹಾಕಿ ಪ್ರಯೋಜನವಿಲ್ಲ, ಮಕ್ಕಳನ್ನು ನೋಡಿಕೊಳ್ಳಿ ಎಂದೆ. ಯಾರೂ ತಲೆಯೆತ್ತಲಿಲ್ಲ. ಒಬ್ಬಾಕೆ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಕೂತಳು.

ಆಗ ಮಂಜುಳ ಎದ್ದಳು. ನನ್ನ ಮಾತಿಗೆ ಒಂದು ದನಿ ಕೂಡಿಸುತ್ತಾಳೆ ಎಂದು ಒಂದು ಗಳಿಗೆ, ಹುಚ್ಚಿ ನಾನು, ಆಸೆಪಟ್ಟೆ. ಅವಳು ತನ್ನ ಕೋಣೆಗೆ ಹೋಗಿ ಎಡಗೈಯಲ್ಲಿ ಬಿಂದಿಗೆ ಎತ್ತಿಕೊಂಡು ಬಂದಳು. ಸೊಂಟಕ್ಕೆ ಸರಿಯಾಗಿ ನಿಲ್ಲದೆ ನೀರು ಸೀರೆಗೆಲ್ಲ ತುಳುಕುತ್ತಿತ್ತು. ಎಲ್ಲರ ಮುಂದೆ ಹಾದು, ವಠಾರದ ತುದಿಗೆ ಹೋಗಿ, ಪೈಪಿನ ಬುಡಕ್ಕೆ ಬಿಂದಿಗೆ ಬಗ್ಗಿಸಿ ಪೂರ್ತಿ ಸುರಿದಳು.

"ನೋಡ್ರೇ, ಅಂಗಿರ್ಬೇಕು" ಎಂದರು ಗಂಗಕ್ಕ.